ಭೀಮಾತೀರದ ಕೀಲೆಣ್ಣೆ: ಹರಿಗೋಲಿನಿಂದ ಯಂತ್ರದೋಣಿಯವರೆಗೆ

ದಖ್ಖನ್ನಿನ ಇತಿಹಾಸಗ್ರಂಥಗಳಲ್ಲಿ ಭೀಮಾನದಿಯ ಹೆಸರು ಒಮ್ಮೆ ರಾಜ್ಯದ ಎಲ್ಲೆಯಾಗಿ, ಒಮ್ಮೆ ಸೈನ್ಯಗಳು ಬೀಡುಬಿಟ್ಟ ಸ್ಥಳವಾಗಿ, ಒಮ್ಮೆ ಪುಣ್ಯಕ್ಷೇತ್ರಗಳ ಸಂಬಂಧದಲ್ಲಿ ಬರುತ್ತದೆ. ಆದರೆ ಆ ನದಿಯನ್ನು ಜನರು ಯಾವುದರಲ್ಲಿ ಕುಳಿತು ದಾಟಿದರು, ಆ ಸಾಧನವನ್ನು ಯಾರು ಯಾವ ರೀತಿಯಲ್ಲಿ ಸುಸ್ಥಿತಿಯಲ್ಲಿ ಇರಿಸಿಕೊಂಡು ಬಂದರು ಎಂಬ ಪ್ರಶ್ನೆಗಳನ್ನು ನಮ್ಮ ಇತಿಹಾಸಕಾರರು ಕೇಳಿದ್ದು ಕಡಿಮೆ. ಪ್ರಕೃತ ಲೇಖನದಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ಆಧಾರವಾಗಿಟ್ಟುಕೊಂಡು ಅಂತಹ ಒಂದು ಚಿಕ್ಕ ಪ್ರಶ್ನೆಯನ್ನು ವಿಚಾರಿಸಬೇಕೆಂದಿದ್ದೇವೆ: ದೋಣಿಯ ಯಂತ್ರಕ್ಕೆ ಎಂತಹ ಎಣ್ಣೆ ತಕ್ಕುದು, ಅದನ್ನು ಯಾವಾಗ ಬದಲಾಯಿಸಬೇಕು? ಇದು ಯಂತ್ರಶಿಲ್ಪಿಗಳಿಗೆ ಸೇರಿದ ಪ್ರಶ್ನೆ, ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ವಾಚಕರು ಆಕ್ಷೇಪಿಸಬಹುದು. ಪ್ರವಾಹದ ದಿನ ದೋಣಿ ಹೊರಡುವುದೋ ಇಲ್ಲವೋ ಎಂಬುದು ಈ ಚಿಕ್ಕ ಪ್ರಶ್ನೆಯನ್ನೇ ಅವಲಂಬಿಸಿದೆ ಎಂಬುದನ್ನು ಮುಂದೆ ತೋರಿಸಲು ಯತ್ನಿಸುತ್ತೇವೆ.

1

ಮೊದಲು ನೆಲದ ಪರಿಚಯ ಅವಶ್ಯಕ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆಯು ಮಹಾರಾಷ್ಟ್ರದಲ್ಲಿ ಬಹುದೂರ ಹರಿದು, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ಸ್ಪರ್ಶಿಸಿ, ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆಳಂದ ತಾಲ್ಲೂಕಿಗೆ ಭೀಮೆಯ ನೇರ ಸಂಬಂಧವಿಲ್ಲ. ಆದರೆ ಅಲ್ಲಿಯ ಅಮರಜಾ ನದಿಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುವುದರಿಂದ ಮೂರು ತಾಲ್ಲೂಕುಗಳೂ ಒಂದೇ ಜಲಸೂತ್ರದಲ್ಲಿ ಪೋಣಿಸಲ್ಪಟ್ಟಿವೆ ಎನ್ನಬಹುದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಕಾಣಬರುವ ‘ಅಳಂದೆ ಸಾಸಿರ’ವೆಂಬ ನಾಡು ಇಂದಿನ ಆಳಂದದ ಸುತ್ತಣ ಪ್ರದೇಶವೇ ಆಗಿದೆ.

ಈ ಪ್ರದೇಶಕ್ಕೆ ಬರುವ ಪ್ರವಾಹದ ಒಂದು ವಿಶೇಷವನ್ನು ಗಮನಿಸಬೇಕು. ಇಲ್ಲಿ ಮಳೆ ಬೀಳದಿದ್ದರೂ ನೆರೆ ಬರಬಹುದು. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದಲೂ ನೀರಾ ನದಿಯ ಕಡೆಯಿಂದಲೂ ನೀರು ಬಿಟ್ಟಾಗ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಬಾಗಿಲುಗಳನ್ನು ತೆರೆಯಬೇಕಾಗುತ್ತದೆ. ಕೆಳಗಿನ ಹಳ್ಳಿಗಳಿಗೆ ಬಿಸಿಲಿರುವಾಗಲೇ ನೀರು ನುಗ್ಗುತ್ತದೆ. 2020ರ ಅಕ್ಟೋಬರಿನಲ್ಲಿ ಹೀಗೆ ಬಂದ ಮಹಾಪೂರದಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯೂ ಸೈನ್ಯವೂ ದೋಣಿಗಳೊಂದಿಗೆ ಜಿಲ್ಲೆಗೆ ಬರಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ಜೇವರ್ಗಿ ತಾಲ್ಲೂಕಿನ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಸಂಚಾರ ನಿಂತುಹೋಯಿತು. ಸೇತುವೆಗಳ ಯುಗದಲ್ಲಿಯೂ ದೋಣಿಯ ಅಗತ್ಯ ತೀರಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

2

ಪೂರ್ವಕಾಲದಲ್ಲಿ ಈ ನದಿಗಳನ್ನು ದಾಟಿಸುತ್ತಿದ್ದುದು ಹರಿಗೋಲು. ಬಿದಿರಿನ ದಬ್ಬೆಗಳಿಂದ ಹೆಣೆದ ದುಂಡನೆಯ ಬುಟ್ಟಿಗೆ ಹೊರಗಡೆ ಚರ್ಮವನ್ನು ಹೊದಿಸಿದರೆ ಅದೇ ದೋಣಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ತುಂಗಭದ್ರೆಯ ಮೇಲೆ ಇಂತಹ ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಅದಕ್ಕೂ ಹಿಂದೆ, 14ನೆಯ ಶತಮಾನದ ಕೊನೆಯಲ್ಲಿ, ಫಿರೂಜ್ ಶಾಹ ಬಹಮನಿಯು ಕೃಷ್ಣೆಯ ತೀರದಲ್ಲಿ ವಿಜಯನಗರದ ಸೈನ್ಯಕ್ಕೆ ಎದುರಾಗಿ ನಿಂತಾಗ ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಮಾಡಿಸಿ ತನ್ನ ದಳವನ್ನು ದಾಟಿಸಿದನೆಂದು ಫಿರಿಶ್ತಾ ನಿರೂಪಿಸುತ್ತಾನೆ. ಇದೇ ಸುಲ್ತಾನನು ಭೀಮೆಯ ದಡದಲ್ಲಿ ಫಿರೂಜಾಬಾದೆಂಬ ನಗರವನ್ನು ಕಟ್ಟಿಸಿದನು. ಅದರ ಕೋಟೆ, ಮಸೀದಿಗಳ ಅವಶೇಷಗಳು ಇಂದಿಗೂ ನಿಂತಿವೆ. 1803ರ ಮರಾಠಾ ಯುದ್ಧದ ಸಮಯದಲ್ಲಿ ಆರ್ಥರ್ ವೆಲ್ಲೆಸ್ಲಿಯೂ ದಖ್ಖನ್ನಿನ ನದಿಗಳನ್ನು ದಾಟುವುದಕ್ಕೆ ಹರಿಗೋಲುಗಳನ್ನೇ ಮಾಡಿಸಲು ಆಜ್ಞೆ ಕೊಟ್ಟಿದ್ದನು. ನಾಲ್ಕು ಶತಮಾನಗಳಲ್ಲಿ ರಾಜ್ಯಗಳು ಬದಲಾದವು, ಆದರೆ ಹರಿಗೋಲು ಬದಲಾಗಲಿಲ್ಲ.

ಇಷ್ಟು ಕಾಲ ಅದು ಬಾಳಿದುದಕ್ಕೆ ಕಾರಣವೇನು? ಅದು ಅಗ್ಗವಾಗಿತ್ತು, ಸ್ಥಳೀಯ ಸಾಮಗ್ರಿಯಿಂದಾಗುತ್ತಿತ್ತು ಎಂಬ ಕಾರಣಗಳು ಸರಿಯೇ. ಅದರ ದೋಷ ಬರಿಗಣ್ಣಿಗೆ ಕಾಣುತ್ತಿದ್ದುದೂ ಒಂದು ಮುಖ್ಯ ಕಾರಣವೆಂಬುದು ನಮ್ಮ ಅಭಿಪ್ರಾಯ. ಚರ್ಮ ಒಣಗಿ ಸೀಳಿದರೆ ನೀರು ಒಳಗೆ ಬರುತ್ತದೆ. ಒದ್ದೆಯಾಗಿಯೇ ಉಳಿದರೆ ಕೊಳೆತು ನಾರುತ್ತದೆ. ಆದುದರಿಂದ ಅಂಬಿಗನು ಕೆಲಸ ಮುಗಿದ ಕೂಡಲೆ ಹರಿಗೋಲನ್ನು ದಡಕ್ಕೆಳೆದು ಕವುಚಿಹಾಕಿ ಒಣಗಿಸುತ್ತಿದ್ದನು. ದಾಟಿಸುವ ವಿದ್ಯೆ ಮತ್ತು ಕಾಪಾಡುವ ವಿದ್ಯೆ ಒಬ್ಬನಲ್ಲಿಯೇ ಇದ್ದವು.

3

ಯಂತ್ರಕ್ಕೆ ಎಣ್ಣೆ ಹಾಕುವ ವಿದ್ಯೆಯೂ ಈ ನಾಡಿಗೆ ಹೊಸದಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ತೆಲ್ಲಿಗ’ರೆಂಬ ಎಣ್ಣೆಗಾರರ ಸಂಘಗಳೂ, ದೇವಾಲಯದ ನಂದಾದೀವಿಗೆಗಾಗಿ ಗಾಣದ ಲೆಕ್ಕದಲ್ಲಿ ಸೊಲ್ಲಗೆ ಎಣ್ಣೆಯನ್ನು ದತ್ತಿ ಬಿಟ್ಟ ಉಲ್ಲೇಖಗಳೂ ಹೇರಳವಾಗಿವೆ. ಎಳ್ಳು, ಕುಸುಬೆ, ಅಗಸೆ, ಔಡಲ ಇವು ಈ ಕರಿನೆಲದ ಒಣಬೇಸಾಯಕ್ಕೆ ಒಗ್ಗಿದ ಬೆಳೆಗಳು. ಇವುಗಳಲ್ಲಿ ಔಡಲದ ಎಣ್ಣೆ, ಅಂದರೆ ಹರಳೆಣ್ಣೆ, ಪ್ರಕೃತ ವಿಷಯಕ್ಕೆ ಅತಿ ಮುಖ್ಯವಾದುದು. ಇದಕ್ಕೆ ಸುಟ್ಟ ಹುಲ್ಲಿನ ಮಸಿಯನ್ನು ಬೆರೆಸಿ ಮಾಡಿದ ಕೀಲೆಣ್ಣೆಯನ್ನು ಕೊಂಬಿನಲ್ಲಿಯೋ ಬಿದಿರಿನ ಅಂಡೆಯಲ್ಲಿಯೋ ತುಂಬಿ ಬಂಡಿಗೆ ತೂಗುಹಾಕುತ್ತಿದ್ದರು. ದೂರದ ಪ್ರಯಾಣಕ್ಕೆ ಮೊದಲು ಗಾಲಿಯನ್ನು ಕಳಚಿ ಅಚ್ಚಿಗೆ ಕೀಲೆಣ್ಣೆ ಸವರುವುದು ಒಕ್ಕಲಿಗನ ಮನೆಯ ಹುಡುಗನಿಗೂ ತಿಳಿದ ಕೆಲಸವಾಗಿತ್ತು. ಎಣ್ಣೆ ತೀರಿದ ಬಂಡಿ ಕಿರುಗುಟ್ಟಿ ತಾನೇ ತನ್ನ ಅವಸ್ಥೆಯನ್ನು ಸಾರುತ್ತಿತ್ತು.

ಈ ಹರಳೆಣ್ಣೆಯೇ ಮುಂದೆ ಜಗತ್ತಿನ ಯಂತ್ರಗಳನ್ನು ಪ್ರವೇಶಿಸಿತು. ಸ್ವಾತಂತ್ರ್ಯಪೂರ್ವದಲ್ಲಿ ಭಾರತದಲ್ಲಿ ಔಡಲ ಬೆಳೆಯುವ ಪ್ರದೇಶಗಳ ಪೈಕಿ ಹೈದರಾಬಾದ್ ಸಂಸ್ಥಾನವು ಪ್ರಮುಖವಾಗಿತ್ತು. ಕಲಬುರಗಿ ಪ್ರದೇಶವೂ ಆಗ ಆ ಸಂಸ್ಥಾನದಲ್ಲಿಯೇ ಇದ್ದಿತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಸಂಸ್ಥೆಯು 1909ರಲ್ಲಿ ಹೊರತಂದ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟುದು ಅದರಲ್ಲಿದ್ದ ಹರಳೆಣ್ಣೆಯಿಂದಲೇ. ಮೊದಲನೆಯ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನುಗಳಲ್ಲಿ ಇದನ್ನು ಉಪಯೋಗಿಸುತ್ತಿದ್ದರು. ಏಕೆಂದರೆ ಇದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು ಮತ್ತು ಕಾವಿನಲ್ಲಿಯೂ ಲೋಹಕ್ಕೆ ಅಂಟಿ ನಿಲ್ಲುತ್ತದೆ. ಆದರೆ ಅದಕ್ಕೊಂದು ದೋಷವಿತ್ತು. ಗಾಳಿಯ ಸಂಪರ್ಕದಲ್ಲಿ ಹಳತಾದಂತೆ ಅದು ಅಂಟಾಗಿ, ಅರಗಿನಂತೆ ಗಟ್ಟಿಯಾಗುತ್ತಿತ್ತು. ದಿನವೂ ಓಡುವ ಬಂಡಿಗೆ ಇದರಿಂದ ಬಾಧೆಯಿಲ್ಲ. ತಿಂಗಳುಗಟ್ಟಲೆ ನಿಂತ ಯಂತ್ರಕ್ಕೆ ಇದು ಅಪಾಯಕಾರಿ. ಕ್ರಮೇಣ ಖನಿಜತೈಲವು ಆ ಸ್ಥಾನವನ್ನು ಆಕ್ರಮಿಸಿತು. ಎಣ್ಣೆ ಬದಲಾಯಿತಾದರೂ ನಿಂತ ಯಂತ್ರದಲ್ಲಿ ಎಣ್ಣೆ ಕೆಡುತ್ತದೆಂಬ ಮಾತು ಮಾತ್ರ ಹಾಗೆಯೇ ಉಳಿಯಿತು.

4

ಎಂಜಿನ್ ಕೂಡಿಸಿದ ದೋಣಿಯನ್ನು ಗಾಟ್ಲೀಬ್ ಡೈಮ್ಲರನು 1886ರಲ್ಲಿ ಜರ್ಮನಿಯ ನೆಕಾರ್ ನದಿಯಲ್ಲಿ ನಡೆಸಿದನು. ದೋಣಿಯ ಹಿಂಬದಿಗೆ ತಗುಲಿಹಾಕಿ ಬೇಕಾದಾಗ ಕಳಚಬಹುದಾದ ಯಂತ್ರವನ್ನು ಅಮೆರಿಕದಲ್ಲಿ ಓಲೆ ಎವಿನ್ರೂಡನು 1909ರಲ್ಲಿ ಮಾರಾಟಕ್ಕೆ ತಂದನು. ನಮ್ಮ ಜಿಲ್ಲೆಯ ನೆರೆಯಲ್ಲಿ ರಬ್ಬರಿನ ದೋಣಿಗಳಿಗೆ ಕಟ್ಟುವ ಯಂತ್ರ ಈ ಎರಡನೆಯ ಜಾತಿಯದು. ಇದರಲ್ಲಿ ಎರಡು ಬಗೆಗಳುಂಟು. ಎಣ್ಣೆಯ ಆಯ್ಕೆಗೆ ಈ ಭೇದವೇ ಮೂಲ.

ಎರಡು ಹೊಡೆತದ ಎಂಜಿನ್ನಿನಲ್ಲಿ ಎಣ್ಣೆಗೆ ಪ್ರತ್ಯೇಕ ಕೊಳವಿಲ್ಲ. ಅದು ಪೆಟ್ರೋಲಿನೊಡನೆ ಬೆರೆತು ಒಳಹೊಕ್ಕು ಸುಟ್ಟುಹೋಗುತ್ತದೆ. 50ಕ್ಕೆ 1ರ ಪ್ರಮಾಣವೆಂದು ಯಂತ್ರದ ಕೈಪಿಡಿಯಲ್ಲಿದ್ದರೆ 10 ಲೀಟರ್ ಪೆಟ್ರೋಲಿಗೆ 200 ಮಿಲಿಲೀಟರ್ ಎಣ್ಣೆ. ಇದಕ್ಕೆ ಮೋಟಾರುಸೈಕಲ್ಲಿನ ಎಣ್ಣೆಯನ್ನು ಹಾಕುವುದು ತಪ್ಪು. ಮೋಟಾರುಸೈಕಲ್ಲು ಗಾಳಿಯಿಂದ ತಂಪಾಗುವ, ಹೆಚ್ಚು ಕಾಯುವ ಯಂತ್ರ. ದೋಣಿಯ ಯಂತ್ರವು ನದಿಯ ನೀರಿನಿಂದಲೇ ತಂಪಾಗುತ್ತಾ ಕಡಮೆ ಕಾವಿನಲ್ಲಿ ದುಡಿಯುತ್ತದೆ. ಅಲ್ಲಿ ಬೂದಿ ಉಳಿಸುವ ಎಣ್ಣೆ ಸುಟ್ಟರೆ ಕಿಡಿಬೆಣೆಯ ಮೇಲೆ ಮಸಿ ಕಟ್ಟಿ ಯಂತ್ರ ನಿಂತುಹೋಗುತ್ತದೆ. ಬೂದಿ ಉಳಿಸದ, ‘ಟಿಸಿ-ಡಬ್ಲ್ಯು3’ ಎಂಬ ಗುರುತಿನ ಎಣ್ಣೆಯೇ ಇದಕ್ಕೆ ತಕ್ಕುದು.

ನಾಲ್ಕು ಹೊಡೆತದ ಎಂಜಿನ್ನಿಗೆ ಕಾರಿನಂತೆ ಎಣ್ಣೆಯ ಕೊಳವಿದೆ. ಇದಕ್ಕೆ 10ಡಬ್ಲ್ಯು-30 ಮುಂತಾದ ಅಂಕೆಗಳಿಂದ ಗುರುತಿಸುವ ಎಣ್ಣೆ ಬೇಕು. ಮೊದಲಿನ ಅಂಕೆ ಚಳಿಯಲ್ಲಿ ಎಣ್ಣೆ ಹರಿಯುವ ಗುಣವನ್ನೂ, ಎರಡನೆಯದು ಯಂತ್ರ ಕಾದಾಗ ಉಳಿಯುವ ಸಾಂದ್ರತೆಯನ್ನೂ ಸೂಚಿಸುತ್ತದೆ. ಕಲಬುರಗಿಯ ಬೇಸಗೆಯನ್ನು ನೆನೆದು ಅತಿ ಮಂದವಾದ ಎಣ್ಣೆಯನ್ನು ತುಂಬುವ ರೂಢಿಯು ಯುಕ್ತವಲ್ಲ; ಯಂತ್ರದ ಕೈಪಿಡಿಯೇ ಪ್ರಮಾಣ. ಅಂಕೆಯಷ್ಟೇ ಮುಖ್ಯವಾದುದು ತುಕ್ಕನ್ನು ತಡೆಯುವ ಗುಣ. ಕಾರು ದಿನವೂ ಓಡಿ ತನ್ನೊಳಗಿನ ತೇವವನ್ನು ಕಾವಿನಿಂದ ಆವಿಯಾಗಿಸಿಕೊಳ್ಳುತ್ತದೆ. ದೋಣಿ ನಿಂತೇ ಇರುತ್ತದೆ. ಆದುದರಿಂದ ‘ಎಫ್‌ಸಿ-ಡಬ್ಲ್ಯು’ ಎಂಬ ಜಲಯಾನದ ಗುರುತುಳ್ಳ ಎಣ್ಣೆಯನ್ನು ಆರಿಸಬೇಕು. ಈ ಎರಡು ಗುರುತುಗಳೂ ಅಮೆರಿಕದ ದೋಣಿತಯಾರಕರ ಸಂಘವು ಪರೀಕ್ಷಿಸಿ ಕೊಡುವಂಥವು.

5

ಇನ್ನು ಬದಲಾವಣೆಯ ವಿಚಾರ. 100 ಗಂಟೆಗಳ ಓಟಕ್ಕೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಎಣ್ಣೆ ಬದಲಾಯಿಸಬೇಕೆಂಬುದು ನಾಲ್ಕು ಹೊಡೆತದ ಯಂತ್ರಗಳಿಗೆ ಸಾಮಾನ್ಯವಾದ ನಿಯಮ. ನಮ್ಮ ಪ್ರದೇಶದಲ್ಲಿ ಈ ನಿಯಮದ ಉತ್ತರಾರ್ಧವೇ ಪ್ರಧಾನ. ನೆರೆಯ ಹತ್ತಾರು ಗಂಟೆ ಓಡಿ ಉಳಿದ ಕಾಲವೆಲ್ಲ ಕೊಠಡಿಯಲ್ಲಿರುವ ದೋಣಿಯ ಗಂಟೆಗಳನ್ನು ಎಣಿಸುತ್ತಾ ಕುಳಿತರೆ ಎಣ್ಣೆ ಬದಲಾಯಿಸುವ ದಿನ ಅನೇಕ ವರ್ಷ ಬಾರದು. ಅಷ್ಟರಲ್ಲಿ ಹಳೆಯ ಎಣ್ಣೆಯಲ್ಲಿ ಸೇರಿದ ಆಮ್ಲ ಮತ್ತು ತೇವಗಳು ಬೇರಿಂಗುಗಳನ್ನು ತಿನ್ನುತ್ತಿರುತ್ತವೆ. ಇದೇ ಕಾರಣದಿಂದ, ದೋಣಿಯನ್ನು ಒಳಗಿಡುವ ಮೊದಲೇ ಎಣ್ಣೆ ಬದಲಾಯಿಸಬೇಕಲ್ಲದೆ ಮುಂದಿನ ವರ್ಷ ಹೊರತೆಗೆಯುವಾಗಲ್ಲ.

ಕ್ರಮ ಕಷ್ಟವಾದುದಲ್ಲ. ತಂಪುನೀರಿನ ಸಂಪರ್ಕವಿಟ್ಟು ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿದರೆ ಎಣ್ಣೆ ತೆಳುವಾಗಿ ಕೊಳೆಯನ್ನು ತನ್ನೊಡನೆ ಹೊರತರುತ್ತದೆ. ಬಳಿಕ ಯಂತ್ರವನ್ನು ನಿಲ್ಲಿಸಿ, ನೆಟ್ಟಗಿರಿಸಿ, ಹಳೆಯದನ್ನು ಪಾತ್ರೆಗೆ ಇಳಿಸಿ, ಸೋಸುಕವನ್ನು ಬದಲಾಯಿಸಿ, ಕೈಪಿಡಿಯ ಅಳತೆಯಷ್ಟು ಹೊಸದನ್ನು ಹಾಕಿ ಅಳತೆಗೋಲಿನಿಂದ ಪರೀಕ್ಷಿಸಬೇಕು. ಅಳತೆ ಮೀರಿ ತುಂಬುವುದೂ ದೋಷವೇ. ನೀರೊಳಗೆ ಮುಳುಗಿರುವ ಗೇರುಪೆಟ್ಟಿಗೆಗೆ ಬೇರೆಯೇ ಎಣ್ಣೆಯುಂಟು. ಎರಡೂ ಬಗೆಯ ಯಂತ್ರಗಳಿಗೆ ಇದು ಅವಶ್ಯಕ. ಅದನ್ನು ಕೆಳಗಿನ ರಂಧ್ರದಿಂದ ಮೇಲಕ್ಕೆ ಏರಿಸಿ, ಮೇಲಿನ ರಂಧ್ರದಲ್ಲಿ ಎಣ್ಣೆ ಕಾಣಿಸಿದ ಮೇಲೆ ಹೊಸ ಬಿಲ್ಲೆಗಳೊಂದಿಗೆ ಎರಡನ್ನೂ ಮುಚ್ಚಬೇಕು. ಹೊರಬಂದ ಎಣ್ಣೆ ಹಾಲಿನ ಬಣ್ಣವಾಗಿದ್ದರೆ ಒಳಗೆ ನೀರು ಹೊಕ್ಕಿದೆಯೆಂದೇ ಅರ್ಥ. ಇಳಿಸಿದ ಎಣ್ಣೆಯನ್ನು ನದಿಗೆ ಚೆಲ್ಲದೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಂದಿಗೆ ನದೀತೀರದ ಊರುಗಳಲ್ಲಿ ಸಂಚರಿಸುತ್ತಿದ್ದಾಗ ಒಂದು ಕೊಠಡಿಯಲ್ಲಿ ಇಂತಹ ಯಂತ್ರವೊಂದನ್ನು ನೋಡಿದೆವು. ಹೊರಮೈ ಹೊಸದರಂತೆ ಹೊಳೆಯುತ್ತಿತ್ತು. ನೋಡಿಕೊಳ್ಳುತ್ತಿದ್ದವರು ನಮ್ಮ ಕೋರಿಕೆಯಂತೆ ಗೇರುಪೆಟ್ಟಿಗೆಯ ಕೆಳಗಿನ ತಿರುಪನ್ನು ಸಡಿಲಿಸಿದಾಗ ಮೊದಲು ನೀರು, ಅನಂತರ ಮಜ್ಜಿಗೆಯಂತಹ ದ್ರವ ಸುರಿಯಿತು. ಪಕ್ಕದಲ್ಲಿದ್ದ ದಾಖಲೆಪುಸ್ತಕವನ್ನು ತೆರೆದೆವು. ಪೆಟ್ರೋಲಿನ ಲೆಕ್ಕ, ಓಟದ ತಾರೀಖು, ಅಧಿಕಾರಿಗಳ ಭೇಟಿ ಇವೆಲ್ಲ ಅಚ್ಚುಕಟ್ಟಾಗಿ ಬರೆಯಲ್ಪಟ್ಟಿದ್ದವು. ಎಣ್ಣೆಯ ಬದಲಾವಣೆಗೆ ಅದರಲ್ಲಿ ಒಂದು ಅಂಕಣವೂ ಇರಲಿಲ್ಲ. ಆ ಮನುಷ್ಯನು ಅಲಕ್ಷ್ಯ ಮಾಡುವವನಾಗಿರಲಿಲ್ಲ. ಕೇಳದಿದ್ದುದನ್ನು ಅವನು ಬರೆಯಲಿಲ್ಲ, ಅಷ್ಟೇ.

6

ಮೇಲಿನ ವಿಚಾರಗಳಿಂದ ನಾವು ತಲಪುವ ನಿರ್ಣಯವಿದು. ಹರಿಗೋಲು ಮತ್ತು ಬಂಡಿಗಳ ಕಾಲದಲ್ಲಿ ವಾಹನವು ತನ್ನ ದೋಷವನ್ನು ತಾನೇ ಸಾರುತ್ತಿತ್ತು; ಅದನ್ನು ನೀಗುವ ಸಾಮಗ್ರಿ ಹೊಲದಲ್ಲಿಯೇ ಬೆಳೆಯುತ್ತಿತ್ತು; ವಿದ್ಯೆ ಮನೆಮನೆಯಲ್ಲಿತ್ತು. ಯಂತ್ರದೋಣಿಯಲ್ಲಿ ದೋಷವು ಅಡಗಿರುತ್ತದೆ, ಎಣ್ಣೆ ಡಬ್ಬಿಯಲ್ಲಿ ಬರುತ್ತದೆ, ವಿದ್ಯೆ ಒಬ್ಬಿಬ್ಬರಲ್ಲಿ ಮಾತ್ರ ಇರುತ್ತದೆ. ಅವರು ವರ್ಗವಾಗಿ ಹೋದರೆ ಅದೂ ಹೋಗುತ್ತದೆ. ಈ ಕೊರತೆಯನ್ನು ತುಂಬಬಲ್ಲುದು ಬರೆವಣಿಗೆಯೊಂದೇ. ನೆರೆಯ ಕಾಲ ಕಳೆದ ಮೇಲೆ ಕಾರ್ತಿಕದಲ್ಲಿ ಬದಲಾವಣೆ, ಮುಂಗಾರಿಗೆ ಮುನ್ನ ರೋಹಿಣಿ ಮಳೆಯ ಹೊತ್ತಿಗೆ ಪರೀಕ್ಷೆ, ಎರಡಕ್ಕೂ ತಾರೀಖು, ಎಣ್ಣೆಯ ಗುರುತು ಮತ್ತು ಮಾಡಿದವನ ಸಹಿ: ಇಷ್ಟಿದ್ದರೆ ಸಾಕು.

ಗಾಣಕ್ಕೆ ಸೊಲ್ಲಗೆಯಂತೆ ದೀಪಕ್ಕೆ ಬಿಟ್ಟ ಎಣ್ಣೆಯ ಲೆಕ್ಕವನ್ನು ನಮ್ಮ ಪೂರ್ವಿಕರು ಕಲ್ಲಿನ ಮೇಲೆ ಕೆತ್ತಿಸಿದರು. ಆ ಲೆಕ್ಕದಿಂದಲೇ ನಾವು ಇಂದು ಅವರ ಇತಿಹಾಸವನ್ನು ಬರೆಯುತ್ತಿದ್ದೇವೆ. ಜನರ ಪ್ರಾಣವನ್ನು ದಡ ಸೇರಿಸಬೇಕಾದ ಎಣ್ಣೆಯ ಲೆಕ್ಕಕ್ಕೆ ಪುಸ್ತಕದಲ್ಲಿ ಒಂದು ಅಂಕಣವಾದರೂ ಇರಬೇಕು. ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಭೀಮಾತೀರದ ಊರುಗಳಿಗೆ ಹೋದಾಗ ಶಾಸನಗಳ ಪಡಿಯಚ್ಚು ತೆಗೆಯುವುದರ ಜೊತೆಗೆ, ದೋಣಿಯ ಕೊಠಡಿಯ ಬಾಗಿಲನ್ನೂ ತಟ್ಟಿ ಆ ಪುಸ್ತಕವನ್ನು ಕೇಳಿ ನೋಡಲೆಂದು ಆಶಿಸುತ್ತೇವೆ.