ಸದ್ಗುಣ ನೀತಿ ಮತ್ತು ಸಿದ್ಧೇಶ್ವರ ಸ್ವಾಮೀಜಿ

ಸದ್ಗುಣ ನೀತಿಯು 'ಯಾವ ಕಾರ್ಯ ಸರಿ?' ಎಂಬುದಕ್ಕಿಂತ 'ಎಂತಹ ಮನುಷ್ಯನಾಗಬೇಕು?' ಎಂಬ ಪ್ರಶ್ನೆಗೆ ಪ್ರಾಧಾನ್ಯ ನೀಡುವ ನೀತಿಶಾಸ್ತ್ರದ ಶಾಖೆ. ಸದ್ಗುಣವು ಅಭ್ಯಾಸದಿಂದ ಮೈಗೂಡುತ್ತದೆ ಎಂಬುದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಮತ. ಗಳಿಕೆ, ಕೀರ್ತಿಗಳಲ್ಲಿಯೇ ಬದುಕಿನ ಅರ್ಥವನ್ನು ಅರಸುವ ಈ ಕಾಲದಲ್ಲಿ ಅದಕ್ಕೆ ನಿದರ್ಶನವಾದವರು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಈಗಿನ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿದ ಅವರು ಮಲ್ಲಿಕಾರ್ಜುನ ಸ್ವಾಮೀಜಿಯವರ ಶಿಷ್ಯರು. ಕಿಸೆಯಿಲ್ಲದ ಬಿಳಿ ಅಂಗಿ ತೊಟ್ಟು ಊರೂರುಗಳಲ್ಲಿ ಪ್ರವಚನ ನೀಡಿದರು. 2018ರಲ್ಲಿ ಘೋಷಿತವಾದ ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದ ನಿರಾಕರಿಸಿದರು. ಲಿಂಗಾಯತ ಮಠಗಳಲ್ಲಿ ಸ್ವಾಮಿಗಳನ್ನು ಸಮಾಧಿ ಮಾಡಿ ಗದ್ದುಗೆ ಕಟ್ಟುವುದು ವಾಡಿಕೆ. ಇವರಾದರೋ ತಮ್ಮ ದೇಹವನ್ನು ದಹಿಸಬೇಕು, ಚಿತಾಭಸ್ಮವನ್ನು ನೀರಿನಲ್ಲಿ ವಿಸರ್ಜಿಸಬೇಕು, ಸ್ಮಾರಕ ನಿರ್ಮಿಸಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಜನರು 'ನಡೆದಾಡುವ ದೇವರು' ಎಂದು ಕರೆದವರ ಕೋರಿಕೆಯಿದು ಎಂಬುದು ಗಮನಾರ್ಹ. 2023ರ ಜನವರಿ 2ರಂದು ನಿಧನರಾದ ಅವರ ದೇಹವನ್ನು ಆಶ್ರಮದಲ್ಲಿಯೇ ದಹಿಸಲಾಯಿತು.