ಊರು ಕಟ್ಟುವ ವಿದ್ಯೆ: ನಕ್ಷೆಯಿಂದ ಜನರತ್ತ

ಪತ್ರಿಕೆಯೊಂದು ತೆತ್ತ ಮಾನನಷ್ಟದ ಹಣ ಹೊಸ ವಿದ್ಯೆಯೊಂದಕ್ಕೆ ಆಸರೆಯಾದ ಕತೆ ಇದು. ತಮ್ಮ ವಿರುದ್ಧ ಬರೆದ ‘ಡೈಲಿ ಮೇಲ್’ ಪತ್ರಿಕೆಯ ಮೇಲೆ ಇಂಗ್ಲೆಂಡಿನ ಸಾಬೂನು ಉದ್ಯಮಿ ವಿಲಿಯಂ ಲಿವರ್ ಮೊಕದ್ದಮೆ ಹೂಡಿದರು. 1907ರಲ್ಲಿ ಪತ್ರಿಕೆ 50,000 ಪೌಂಡ್ ಪರಿಹಾರ ತೆರಬೇಕಾಯಿತು. ಇಂಥ ಪರಿಹಾರದ ಹಣವನ್ನು ಲಿವರ್ ಅವರು ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ ದೇಣಿಗೆಯಾಗಿ ಕೊಟ್ಟರು. 1909ರಲ್ಲಿ ಅಲ್ಲಿ ಆರಂಭವಾದ ‘ಸಿವಿಕ್ ಡಿಸೈನ್’ ವಿಭಾಗ ಜಗತ್ತಿನ ಮೊದಲ ನಗರ ಯೋಜನಾ ಶಾಲೆಯೆಂದು ಹೆಸರಾಗಿದೆ.

ಅದಕ್ಕೆ ಮೊದಲು ಊರುಗಳನ್ನು ಯೋಜಿಸುತ್ತಿರಲಿಲ್ಲವೆಂದಲ್ಲ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು 1890ರ ದಶಕದಲ್ಲೇ ಮೈದಾಳಿದ್ದವು. 1898ರ ಪ್ಲೇಗು ಅವುಗಳ ಬೆಳವಣಿಗೆಗೆ ವೇಗ ಕೊಟ್ಟಿತು. ಆದರೆ ಆಗ ಇದು ಎಂಜಿನಿಯರರ, ಆಡಳಿತಗಾರರ ಕೆಲಸವಾಗಿತ್ತು. ಇದಕ್ಕೆಂದೇ ಪದವಿ ಇರಲಿಲ್ಲ.

ಲಿವರ್‌ಪೂಲಿನ ಮೊದಲ ಪ್ರಾಧ್ಯಾಪಕ ಸ್ಟ್ಯಾನ್ಲಿ ಆಡ್ಸ್‌ಹೆಡ್ ವಾಸ್ತುಶಿಲ್ಪಿ. ರಸ್ತೆ, ಚೌಕ, ಉದ್ಯಾನಗಳನ್ನು ಅಂದವಾಗಿ ಬರೆಯುವುದೇ ಅಂದಿನ ಮುಖ್ಯ ಪಾಠ. ಆ ನಕ್ಷೆಯಲ್ಲಿ ಮನೆಯೊಳಗಿನ ಮನುಷ್ಯ ಕಾಣುತ್ತಿರಲಿಲ್ಲ.

ಈ ಕೊರತೆಯನ್ನು ಗುರುತಿಸಿದವರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಪ್ರಮುಖರು. ಮೂಲತಃ ಜೀವವಿಜ್ಞಾನಿಯಾದ ಅವರು 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಹಾಗೂ ಪೌರಶಾಸ್ತ್ರದ ಪ್ರಾಧ್ಯಾಪಕರಾದರು. ವೈದ್ಯ ರೋಗಿಯನ್ನು ಪರೀಕ್ಷಿಸುವಂತೆ ಯೋಜಕ ಮೊದಲು ಊರನ್ನು ನಡೆದು ನೋಡಬೇಕು. ಇಡೀ ಕೇರಿಯನ್ನು ಕೆಡವುವ ಬದಲು ತೀರಾ ಶಿಥಿಲವಾದ ಕೆಲವೇ ಮನೆಗಳನ್ನು ತೆಗೆದು ಗಾಳಿ ಬೆಳಕಿಗೆ ದಾರಿ ಮಾಡಬೇಕು ಎಂಬುದು ಅವರ ನಿಲುವು.

ಎರಡನೇ ಮಹಾಯುದ್ಧದ ನಂತರ ಪಾಠಪಟ್ಟಿ ಅಂಕಿಅಂಶಗಳತ್ತ ಹೊರಳಿತು. 1947ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯ ಅರ್ಥಶಾಸ್ತ್ರ, ಸಮಾಜವಿಜ್ಞಾನಗಳನ್ನು ಆಧರಿಸಿದ ಶಿಕ್ಷಣ ಆರಂಭಿಸಿತು. ಆದರೆ ಅದೇ ಕಾಲದಲ್ಲಿ ಅಮೆರಿಕದ ನಗರಗಳಲ್ಲಿ ‘ನವೀಕರಣ’ದ ಹೆಸರಿನಲ್ಲಿ ಹಳೆಯ ಕೇರಿಗಳು ನೆಲಸಮವಾದವು, ಬಡವರು, ಕಪ್ಪು ಜನರು ಹೆಚ್ಚಾಗಿ ಬೀದಿಪಾಲಾದರು. 1961ರಲ್ಲಿ ಈ ಪದ್ಧತಿಯನ್ನು ತಮ್ಮ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದ ಜೇನ್ ಜೇಕಬ್ಸ್ ಅವರು ಯೋಜನಾ ಪದವಿ ಇಲ್ಲದ ಪತ್ರಕರ್ತೆ. ಯೋಜಕ ದನಿಯಿಲ್ಲದವರ ಪರ ವಕೀಲನಂತೆ ವಾದಿಸಬೇಕೆಂದು 1965ರಲ್ಲಿ ಪಾಲ್ ಡೇವಿಡಾಫ್ ಪ್ರತಿಪಾದಿಸಿದರು. ಜನರ ಪಾಲ್ಗೊಳ್ಳುವಿಕೆ ಕ್ರಮೇಣ ತರಗತಿಯ ಪಾಠವಾಯಿತು.

ಭಾರತ ಸರ್ಕಾರ 1955ರಲ್ಲಿ ದೆಹಲಿಯಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಶಾಲೆ ತೆರೆಯಿತು. ದೆಹಲಿ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ವಿಭಾಗ ಇದರೊಂದಿಗೆ ಸೇರಿ, 1959ರಲ್ಲಿ ‘ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್’ ಎಂಬ ಹೆಸರು ಬಂತು. 1993ರಲ್ಲಿ ಜಾರಿಯಾದ ಸಂವಿಧಾನದ 74ನೇ ತಿದ್ದುಪಡಿಯು ನಗರ ಯೋಜನೆಯನ್ನು ಪೌರಸಂಸ್ಥೆಗಳಿಗೆ ವಹಿಸಬಹುದಾದ ಹೊಣೆಗಳ ಪಟ್ಟಿಗೆ ಸೇರಿಸಿತು.

ಇಂದು ವಿದ್ಯಾರ್ಥಿಯ ಮೇಜಿನ ಮೇಲೆ ಕಂಪ್ಯೂಟರಿದೆ, ಉಪಗ್ರಹದ ಚಿತ್ರವಿದೆ. ಅದರಲ್ಲಿ ಪ್ರತಿ ಮನೆಯ ಚಾವಣಿಯೂ ಕಾಣುತ್ತದೆ. ರಸ್ತೆ ಅಗಲವಾದರೆ ಆ ಮನೆಯವರು ಎಲ್ಲಿಗೆ ಹೋಗಬೇಕೆಂದು ತಿಳಿಯಲು ಮಾತ್ರ, ಗೆಡ್ಡಿಸ್ ಹೇಳಿದಂತೆ, ಕೇರಿಯಲ್ಲಿ ನಡೆದೇ ನೋಡಬೇಕು.