ಗುಲ್ಮದ ಮೇಲೆ ಬಂದ ಅಪವಾದ

(ಕಾಯಿಲೆಗಳ ಹಿಂದಿನ ಕಥೆ, ಭಾಗ 6)

ಫೋಟೋದಲ್ಲಿರೋದು ನಮ್ಮ ರಾರಾವಿಯ ಗದ್ದೆ ಕಾಲುವೆ. ತೂಬಿನ ಬಾಯಿಗೆ ಕಸ ಸಿಕ್ಕೊಂಡ್ರೆ ಏನಾಗುತ್ತೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಹಿಂದಿನ ನೀರು ಏರುತ್ತೆ, ಸಣ್ಣ ಕಾಲುವೆಗಳಿಗೆ ನುಗ್ಗುತ್ತೆ, ಕೊನೆಗೆ ಎಲ್ಲೋ ಒಂದು ಕಡೆ ಬದು ಒಡೆಯುತ್ತೆ.

ನಮ್ಮ ಓಣಿಯ ಆರು ವರ್ಷದ ಹುಡುಗನ ಹೊಟ್ಟೆಯೊಳಗೆ ಆಗಿದ್ದೂ ಇದೇ. ಹೋದ ವರ್ಷ ಆಟ ಆಡ್ತಿದ್ದವನು ಇದ್ದಕ್ಕಿದ್ದಂಗೆ ರಕ್ತ ವಾಂತಿ ಮಾಡ್ಕೊಂಡ. ಬಳ್ಳಾರಿಗೆ ಕರ್ಕೊಂಡು ಹೋಗುವಾಗ ಗಾಡಿಯಲ್ಲಿ ನಾನೂ ಇದ್ದೆ. ಬಿಕಾಂ ಓದೋನಿಗೆ ಇದೆಲ್ಲಾ ಯಾಕಪ್ಪಾ ಅನ್ನೋರಿಗೆ ಅದೇ ಉತ್ತರ.

ಕರುಳು, ಗುಲ್ಮದಿಂದ ರಕ್ತವನ್ನ ಲಿವರ್‌ಗೆ ಒಯ್ಯೋ ದೊಡ್ಡ ನಾಳಕ್ಕೆ ಪೋರ್ಟಲ್ ವೇನ್ ಅಂತಾರೆ. ಅದು ಕಟ್ಟಿಕೊಂಡ್ರೆ ಹಿಂದೆ ಒತ್ತಡ ಏರುತ್ತೆ, ಗುಲ್ಮ ಊದುತ್ತೆ, ಅನ್ನನಾಳದ ಸಣ್ಣ ನಾಳಗಳು ಉಬ್ಬಿ ಒಡೆಯುತ್ತವೆ. ನಮ್ಮ ದೇಶದಲ್ಲಿ ಮಕ್ಕಳು ಜೋರಾಗಿ ರಕ್ತ ವಾಂತಿ ಮಾಡೋದಕ್ಕೆ ಇದು ಒಂದು ಮುಖ್ಯ ಕಾರಣ. ಇಂಥ ಮಕ್ಕಳ ಲಿವರ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ, ದಾರಿ ಮಾತ್ರ ಮುಚ್ಚಿರುತ್ತೆ. ಕೆಲವರಿಗೆ ಹುಟ್ಟಿದ ಹೊಸದರಲ್ಲಿ ಹೊಕ್ಕುಳಿಗೆ ಸೋಂಕು ಆಗಿರುತ್ತೆ. ಬಹಳ ಮಕ್ಕಳಲ್ಲಿ ಕಾರಣ ಸಿಗೋದೇ ಇಲ್ಲ.

19ನೇ ಶತಮಾನದ ಕೊನೆಗೆ ಇಟಲಿಯ ಡಾಕ್ಟರ್ ಗ್ವಿಡೋ ಬಾಂಟಿ, ಊದಿದ ಗುಲ್ಮವೇ ಅಪರಾಧಿ, ಅದೇ ಲಿವರನ್ನೂ ಕೆಡಿಸುತ್ತೆ, ತೆಗೆದುಬಿಡಿ ಅಂದ್ರು. ಕೈಗೆ ಸಿಗೋದು ಗುಲ್ಮವೇ ತಾನೆ? ಬದು ಒಡೆದಿದ್ದಕ್ಕೆ ಬದುವನ್ನೇ ಬೈದಂಗೆ! ದಶಕಗಳ ಕಾಲ ಗುಲ್ಮ ತೆಗೆದ್ರು. ಎಷ್ಟೋ ಜನಕ್ಕೆ ರಕ್ತ ವಾಂತಿ ಮತ್ತೆ ಬಂತು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮ್ಯಾಕರ್ ಇನ್ನೊಂದು ಸತ್ಯ ಹೊರಗೆ ತಂದ್ರು. ಬೇರೆ ರಕ್ತದ ಕಾಯಿಲೆಗೆ ಗುಲ್ಮ ತೆಗೆಸಿಕೊಂಡ ಹಸುಗೂಸುಗಳು ಭಾರೀ ಸೋಂಕಿಗೆ ತುತ್ತಾಗಿದ್ದವು. ಅಪರಾಧಿ ಅಂದುಕೊಂಡಿದ್ದು ಕಾವಲುಗಾರ ಆಗಿತ್ತು.

ಅಷ್ಟೊತ್ತಿಗೆ ನ್ಯೂಯಾರ್ಕಿನ ಅಲೆನ್ ವಿಪಲ್ 1945ರಲ್ಲೇ ಬೇರೆ ದಾರಿ ತೋರಿಸಿದ್ದರು: ತೊಂದರೆ ಒತ್ತಡದ್ದು, ರಕ್ತವನ್ನ ಪಕ್ಕದ ನಾಳಕ್ಕೆ ತಿರುಗಿಸಿ. ಇದೇ ಷಂಟ್. (ಬಳ್ಳಾರಿಯ ಮೆಡಿಕಲ್ ಕಾಲೇಜು ಶುರುವಾಗಿದ್ದು 1961ರಲ್ಲಿ, ಲೆಕ್ಕ ಹಾಕ್ಕೊಳ್ರಿ.) ಆದ್ರೆ ಚಿಕ್ಕ ಮಕ್ಕಳ ನಾಳ ತೀರಾ ಸಣ್ಣವು, ಜೋಡಿಸಿದ ಜಾಗ ಮತ್ತೆ ಕಟ್ಟಿಕೊಳ್ತಿತ್ತು.

1980ರ ದಶಕದಲ್ಲಿ ಅಮೆರಿಕದ ಗ್ರೆಗ್ ಸ್ಟೀಗ್‌ಮನ್, ಮೂಲವ್ಯಾಧಿಗೆ ಹಾಕೋ ರಬ್ಬರ್ ಬ್ಯಾಂಡನ್ನೇ ಎಂಡೋಸ್ಕೋಪ್ ಮೂಲಕ ಅನ್ನನಾಳದ ಉಬ್ಬಿದ ನಾಳಕ್ಕೆ ಹಾಕಿದ್ರು. ನಗಬೇಡ್ರಿ, ನಮ್ಮ ಹುಡುಗನ ಜೀವ ಉಳಿಸಿದ್ದು ಅದೇ. 1990ರ ದಶಕದಲ್ಲಿ ಬ್ರಸೆಲ್ಸ್‌ನ ಝಾನ್ ದ ವಿಲ್ ದ ಗೊಯೆ ಇನ್ನೂ ಮುಂದೆ ಹೋದ್ರು. ಮಗುವಿನ ಕುತ್ತಿಗೆಯಿಂದ ಒಂದು ನಾಳ ತೆಗೆದು, ಮುಚ್ಚಿದ ಜಾಗ ದಾಟಿಸಿ, ರಕ್ತವನ್ನ ಮತ್ತೆ ಲಿವರ್‌ಗೇ ಸೇರಿಸಿದ್ರು. ತೂಬಿಗೆ ಸುತ್ತು ಹಾಕಿ ಅದೇ ಗದ್ದೆಗೆ ನೀರು ಬಿಟ್ಟಂಗೆ. ಎಲ್ಲ ಮಕ್ಕಳಿಗೂ ಇದು ಆಗಲ್ಲ, ಲಿವರ್ ಒಳಗಿನ ನಾಳ ತೆರೆದಿರಬೇಕು.

ಮಗು ರಕ್ತ ಕಕ್ಕಿದ್ರೆ, ಮಲ ಡಾಂಬರಿನಂಗೆ ಕಪ್ಪಗಾದ್ರೆ, ಬೆಳಗಾಗೋತನಕ ಕಾಯಬೇಡ್ರಿ.

ಹುಡುಗನಿಗೆ ಮೂರು ಸಲ ಬ್ಯಾಂಡ್ ಹಾಕಿದ್ದಾರೆ, ಈಗ ಶಾಲೆಗೆ ಹೋಗ್ತಾನೆ. ಅವನ ಅಜ್ಜಿ ಮಾತ್ರ ಇನ್ನೂ ಹೊಟ್ಟೆ ಮುಟ್ಟಿ ನೋಡಿ, "ಈ ಗಡ್ಡೆ ತೆಗೆಸಿಬಿಡ್ರಪ್ಪಾ" ಅಂತಾಳೆ. ಬಾಂಟಿ ಡಾಕ್ಟ್ರು ಅಂದಿದ್ದೂ ಅದೇ ಅಂತ ನಾನು ಹೇಳೋಕೆ ಹೋಗಿಲ್ಲ.

#ರಾರಾವಿ #ಸಿರುಗುಪ್ಪ #ಕಾಯಿಲೆಕಥೆ